ಪೊಟ್ಟಣ ಕಟ್ಟುವವರು

ಜಯನಗರದ ನಾಲ್ಕನೇ ಟಿ ಬ್ಲಾಕಿನ ಒಂದು ಹಳೆಯ ಮನೆಯ ನೆಲಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ನಾವು ಏಳೆಂಟು ಜನ ಸೇರುತ್ತೇವೆ. ಮನೆ ನನ್ನ ಗೆಳೆಯನ ಅತ್ತೆಯದು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪುಗಳು, ಎಲ್ಲಕ್ಕೂ ಸೇರಿ ಒಂದೇ ಎಕ್ಸ್‌ಟೆನ್ಷನ್ ಬೋರ್ಡು, ಹನ್ನೊಂದು ಗಂಟೆಗೆ ಕಾಫಿ. ಅಲ್ಲಿ ನಾನು ಹೊಸಬರಿಗೆ ಕಲಿಸುವುದು ಡೆಬಿಯನ್ ಎಂಬ ಲಿನಕ್ಸ್ ವಿತರಣೆಗೆ ತಂತ್ರಾಂಶದ ಪೊಟ್ಟಣ ಕಟ್ಟುವ ಕೆಲಸವನ್ನು. ಪ್ಯಾಕೇಜಿಂಗ್ ಅನ್ನುತ್ತಾರೆ. ಇದಕ್ಕೆ ಶುಲ್ಕವಿಲ್ಲ, ಸರ್ಟಿಫಿಕೇಟೂ ಇಲ್ಲ. ಆದ್ದರಿಂದ ಮೂರನೇ ವಾರದ ಹೊತ್ತಿಗೆ ಅರ್ಧ ಜನ ಉಳಿದಿರುತ್ತಾರೆ.

ಮೊದಲ ದಿನ ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುವ ಪ್ರಶ್ನೆ, ‘ಕೋಡ್ ಬರೆಯೋದು ಯಾವಾಗ ಸಾರ್?’ ಇಲ್ಲಿ ಬರೆಯುವುದು ಬಹಳ ಕಡಿಮೆ, ಬೇರೆಯವರು ಬರೆದದ್ದನ್ನು ಸರಿಯಾಗಿ ಕಟ್ಟಿ ತಲುಪಿಸುವುದೇ ಕೆಲಸ ಎಂದು ನಾನು ಹೇಳಿದಾಗ ಮುಖಗಳು ಸಣ್ಣಗಾಗುತ್ತವೆ. ಒಮ್ಮೆ ಒಬ್ಬ ಹುಡುಗ ‘ಅಂದ್ರೆ ಪ್ಯಾಕಿಂಗ್ ಡಿಪಾರ್ಟ್‌ಮೆಂಟು’ ಎಂದು ನಕ್ಕ. ನಾನೂ ನಕ್ಕೆ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರಿಗೆ ಗೊತ್ತು: ಬೆಳೆದವರು ಒಬ್ಬರು, ಹುರಿದವರು ಇನ್ನೊಬ್ಬರು, ನಮ್ಮ ಕೈಗೆ ಬರುವುದು ಮಾತ್ರ ಪೊಟ್ಟಣ. ಒಳಗೆ ಕಲ್ಲು ಸಿಕ್ಕಿದರೆ ನಾವು ಬೈಯುವುದು ಪೊಟ್ಟಣ ಕೊಟ್ಟವರನ್ನು. ಆ ಬೈಗುಳ ಯಾರಿಗೆ ಸಲ್ಲಬೇಕು, ಹಾಗೆಯೇ ಒಳಗಿನ ಕಾಳಿನ ಹೆಸರು ಯಾರಿಗೆ ಸಲ್ಲಬೇಕು? ಪೊಟ್ಟಣ ಕಟ್ಟುವವರ ಮೂವತ್ತು ವರ್ಷಗಳ ಚರಿತ್ರೆ ಈ ಎರಡು ಪ್ರಶ್ನೆಗಳ ಸುತ್ತಲೇ ಸುತ್ತುತ್ತದೆ. ನಾನು ಇದನ್ನು ಎಷ್ಟೋ ವರ್ಷ ಕಲಿಸಿದ್ದರೂ ನನಗೇ ಅದು ಸರಿಯಾಗಿ ಅರ್ಥವಾದದ್ದು ಬನಶಂಕರಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ತಂದ ನಾಲ್ಕು ನೋಟ್‌ಬುಕ್ಕುಗಳಿಂದ.

ಆಕೆಯ ತಾತ ತಿಪಟೂರಿನ ಕಡೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ತೆಂಗು, ರಾಗಿ, ದನಕರು, ಏತ, ಕಣ ಇವಕ್ಕೆ ಸಂಬಂಧಿಸಿದ ಆ ಸೀಮೆಯ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ನಿವೃತ್ತರಾಗಿ ಬನಶಂಕರಿ ಎರಡನೇ ಹಂತದ ಮಗಳ ಮನೆಗೆ ಬಂದ ಮೇಲೆ ಅವನ್ನೆಲ್ಲ ಒಂದೊಂದಾಗಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದರು. ಅವರು ತೀರಿಕೊಂಡಾಗ ಉಳಿದದ್ದು ನಾಲ್ಕು ನೋಟ್‌ಬುಕ್ಕು, ಒಂದು ಸಿಡಿ. ‘ಯಾರೇ ಒಂದು ಕಮ್ಯಾಂಡ್ ಹೊಡೆದರೂ ತಾತನ ಪದಕೋಶ ಅವರ ಕಂಪ್ಯೂಟರಿಗೆ ಬರಬೇಕು. ಅಷ್ಟೇ ನನಗೆ ಬೇಕಾಗಿರೋದು’ ಎಂದಳು. ಅಷ್ಟೇ ಎಂಬುದು ಎಷ್ಟು ದೊಡ್ಡದು ಎಂದು ಹೇಳಲು ನಾನು ಚರಿತ್ರೆಯಿಂದ ಶುರುಮಾಡಬೇಕಾಯಿತು.

ಲಿನಕ್ಸ್‌ನ ಆರಂಭದ ದಿನಗಳಲ್ಲಿ ಒಂದು ತಂತ್ರಾಂಶ ಬೇಕೆಂದರೆ ಅದರ ಮೂಲಸಂಕೇತದ ಕಟ್ಟನ್ನು ಇಳಿಸಿಕೊಂಡು ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕಿತ್ತು. ಅದು ಇನ್ನೊಂದು ಲೈಬ್ರರಿಯನ್ನು ಕೇಳುತ್ತಿತ್ತು, ಆ ಲೈಬ್ರರಿ ಮತ್ತೊಂದನ್ನು. ರಾತ್ರಿಯೆಲ್ಲ ಕೂತು ಬೆಳಗಿನ ಜಾವ ಕೈಬಿಟ್ಟವರು ಬಹಳ. ಇದನ್ನೆಲ್ಲ ಒಟ್ಟುಗೂಡಿಸಿ ಕೊಡುವ ವಿತರಣೆಗಳು ಬಂದವು. ಆದರೆ ಅವುಗಳಲ್ಲಿ ಕೆಲವಕ್ಕೆ ಹೇಳುವವರು ಕೇಳುವವರು ಇರಲಿಲ್ಲ. ಎಸ್‌ಎಲ್‌ಎಸ್ ಎಂಬ ವಿತರಣೆಯ ತಪ್ಪುಗಳಿಂದ ರೋಸಿಹೋಗಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ 1993ರ ಆಗಸ್ಟ್ 16ರಂದು ಹೊಸದೊಂದು ವಿತರಣೆ ಘೋಷಿಸಿದ. ಗೆಳತಿ ಡೆಬ್ರಾಳ ಹೆಸರಿನ ಮೊದಲರ್ಧ, ತನ್ನ ಹೆಸರು ಸೇರಿಸಿ ಡೆಬಿಯನ್ ಎಂದು ಕರೆದ. ಆಗ ಅವನಿಗೆ ಇಪ್ಪತ್ತು ವರ್ಷ, ನನ್ನ ಎದುರು ಕೂರುವವರ ವಯಸ್ಸೇ.

ಅವನ ಯೋಚನೆ ಸರಳವಾಗಿತ್ತು. ಪ್ರತಿ ತಂತ್ರಾಂಶವೂ ಒಂದೊಂದು ಪೊಟ್ಟಣ, ಪ್ರತಿ ಪೊಟ್ಟಣಕ್ಕೂ ಹೊಣೆ ಹೊತ್ತ ಒಬ್ಬ ವ್ಯಕ್ತಿ. ಪೊಟ್ಟಣದೊಳಗಿನ ‘ಕಂಟ್ರೋಲ್’ ಎಂಬ ಕಡತದಲ್ಲಿ ‘ಮೇಂಟೇನರ್’ ಎಂಬ ಸಾಲು ಇರುತ್ತದೆ. ಅಲ್ಲಿ ಹೆಸರು, ಇಮೇಲ್ ವಿಳಾಸ ಬರೆಯಲೇಬೇಕು. ಕಲ್ಲು ಸಿಕ್ಕಿದವರು ಆ ವಿಳಾಸಕ್ಕೆ ಬರೆಯುತ್ತಾರೆ. ಅದೇ ಕಡತದಲ್ಲಿ ಈ ಪೊಟ್ಟಣ ಕೆಲಸ ಮಾಡಲು ಇನ್ಯಾವ ಪೊಟ್ಟಣಗಳು ಬೇಕು ಎಂಬ ಪಟ್ಟಿಯೂ ಇರುವುದರಿಂದ ಅವುಗಳನ್ನು ಹುಡುಕಿ ತರುವ ಕೆಲಸವನ್ನು ಯಂತ್ರಕ್ಕೇ ವಹಿಸಬಹುದಾಯಿತು. 1996ರ ಜೂನ್‌ನಲ್ಲಿ ಬಂದ ಡೆಬಿಯನ್ 1.1ರಲ್ಲಿ 474 ಪೊಟ್ಟಣಗಳಿದ್ದವು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅವು 69,830. ಎಲ್ಲದರ ಹಿಂದೆಯೂ ಒಬ್ಬರದೋ ಒಂದು ತಂಡದ್ದೋ ಹೆಸರಿದೆ.

ಎರಡನೆಯ ತಿರುವು 1997ರ ಜುಲೈಯಲ್ಲಿ. ಡೆಬಿಯನ್ ತನ್ನ ಬಳಕೆದಾರರೊಂದಿಗೆ ಒಂದು ‘ಸಾಮಾಜಿಕ ಒಪ್ಪಂದ’ ಮಾಡಿಕೊಂಡಿತು. ಯಾವ ತಂತ್ರಾಂಶವನ್ನು ಮುಕ್ತ ಎನ್ನಬಹುದು ಎಂಬುದಕ್ಕೆ ಮಾರ್ಗಸೂಚಿ ಬರೆದುಕೊಂಡಿತು. ಹಂಚಲು, ತಿದ್ದಲು, ಬೇಕಾದರೆ ಮಾರಲು ಕೂಡ ಎಲ್ಲರಿಗೂ ಸ್ವಾತಂತ್ರ್ಯ ಇರಬೇಕು. ಇಂಥವರು ಬಳಸಬಾರದು, ಇಂಥ ಕೆಲಸಕ್ಕೆ ಬಳಸಬಾರದು ಎಂಬ ಷರತ್ತು ಇರಬಾರದು. ಮರುವರ್ಷ ‘ಓಪನ್ ಸೋರ್ಸ್’ ಎಂಬ ಪದಕ್ಕೆ ವ್ಯಾಖ್ಯೆ ಬರೆದವರು ಇದನ್ನೇ ಆಧಾರ ಮಾಡಿಕೊಂಡರು. ಅಂದಿನಿಂದ ಪೊಟ್ಟಣ ಕಟ್ಟುವವರಿಗೆ ಇನ್ನೊಂದು ಕೆಲಸ ಸೇರಿಕೊಂಡಿತು. ಒಳಗಿರುವ ಪ್ರತಿಯೊಂದು ಕಡತ ಯಾರದು, ಅದನ್ನು ಹಂಚಲು ಅವರ ಒಪ್ಪಿಗೆ ಇದೆಯೇ ಎಂದು ಹುಡುಕಿ ‘ಕಾಪಿರೈಟ್’ ಎಂಬ ಕಡತದಲ್ಲಿ ಬರೆಯುವುದು. ಹೊಸ ಪೊಟ್ಟಣ ಭಂಡಾರದೊಳಗೆ ಸೇರುವ ಮೊದಲು ಒಬ್ಬ ಮನುಷ್ಯ ಈ ಕಡತವನ್ನು ಕೂತು ಓದುತ್ತಾನೆ. ತಿರಸ್ಕಾರವಾಗುವುದು ಬಹುತೇಕ ಅಲ್ಲೇ.

ಇಷ್ಟೆಲ್ಲವನ್ನು ಹೊಸಬರಿಗೆ ಕಲಿಸುವುದು ಹೇಗೆ? 1998ರಲ್ಲಿ ಜೋಸಿಪ್ ರೋಡಿನ್ ಎಂಬಾತ ‘ಹೊಸ ನಿರ್ವಾಹಕರ ಕೈಪಿಡಿ’ ಬರೆಯತೊಡಗಿದ. ಡೆಬಿಯನ್‌ನ ಒಂದು ತಲೆಮಾರು ಅದನ್ನು ಓದಿಯೇ ಕೈ ಪಳಗಿಸಿಕೊಂಡಿತು. ಜೋಯಿ ಹೆಸ್ 1997ರಲ್ಲಿ ಆರಂಭಿಸಿದ ‘ಡೆಬ್‌ಹೆಲ್ಪರ್’ ಎಂಬ ಉಪಕರಣಗಳ ಗೊಂಚಲು ಒಂದೇ ಬಗೆಯ ಕೆಲಸವನ್ನು ಪದೇ ಪದೇ ಬರೆಯುವ ಕಷ್ಟ ತಪ್ಪಿಸಿತು. ‘ರೂಲ್ಸ್’ ಎಂಬ ಕಡತ ಮೊದಲು ಪುಟಗಟ್ಟಲೆ ಇರುತ್ತಿತ್ತು, 2008ರ ನಂತರ ಮೂರು ಸಾಲಿಗೆ ಇಳಿಯಿತು. ಕಟ್ಟಿದ ಪೊಟ್ಟಣವನ್ನು ತಪಾಸಣೆ ಮಾಡಲು ‘ಲಿಂಟಿಯನ್’ ಬಂತು. ಅದು ಒಬ್ಬ ಕಟ್ಟುನಿಟ್ಟಿನ ಕನ್ನಡ ಪಂಡಿತರ ಹಾಗೆ, ಅಲ್ಪಪ್ರಾಣ ಮಹಾಪ್ರಾಣವನ್ನೂ ಬಿಡುವುದಿಲ್ಲ. ಅಭ್ಯಾಸಕ್ಕೆ ಎಲ್ಲರೂ ಎತ್ತಿಕೊಳ್ಳುವುದು ಗ್ನೂ ಯೋಜನೆಯ ‘ಹಲೋ’. ತೆರೆಯ ಮೇಲೆ ನಮಸ್ಕಾರ ಮೂಡಿಸುವುದನ್ನು ಬಿಟ್ಟು ಹೆಚ್ಚೇನೂ ಮಾಡದ ತಂತ್ರಾಂಶ ಅದು.

ಆದರೆ ಕೈಪಿಡಿ, ಉಪಕರಣಗಳಿಗಿಂತ ಹೆಚ್ಚು ಕಲಿಸಿದ್ದು ಒಂದು ಪದ್ಧತಿ. ಹೊಸಬರಿಗೆ ಪೊಟ್ಟಣವನ್ನು ನೇರವಾಗಿ ಭಂಡಾರಕ್ಕೆ ಹಾಕುವ ಅಧಿಕಾರ ಇರುವುದಿಲ್ಲ. ಈಗಾಗಲೇ ಅಧಿಕಾರ ಇರುವ ಒಬ್ಬರು ಅದನ್ನು ಬಿಚ್ಚಿ ನೋಡಿ, ತಪ್ಪು ತೋರಿಸಿ, ಸರಿಯಾದ ಮೇಲೆ ತಮ್ಮ ಸಹಿ ಹಾಕಿ ಸೇರಿಸಬೇಕು. ಅವರನ್ನು ‘ಪ್ರಾಯೋಜಕ’ ಎನ್ನುತ್ತಾರೆ, ದುಡ್ಡಿಗೂ ಆ ಹೆಸರಿಗೂ ಸಂಬಂಧವಿಲ್ಲ. ಸಂಗೀತದ ಪಾಠದಲ್ಲಿ ಗುರುಗಳು ತಾಳ ಹಾಕುತ್ತಾ ಕೂತಂತೆ ಅದು.

ಈ ಪಾಠ ಬೆಂಗಳೂರಿಗೆ ತಡವಾಗಿ ಬಂತು. ಲಿನಕ್ಸ್ ಮಾತ್ರ ಬೇಗ ಬಂದಿತ್ತು. 1990ರ ದಶಕದ ನಡುಭಾಗದಿಂದ ಪಿಸಿಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಹಂಚತೊಡಗಿದಾಗ ಡಯಲ್‌ಅಪ್ ಸಂಪರ್ಕ ಕೂಡ ಇಲ್ಲದ ಎಷ್ಟೋ ಹುಡುಗರು ಮೊದಲ ಬಾರಿ ಅದನ್ನು ಕಂಡರು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುವಾಯಿತು. 2005ರಲ್ಲಿ ಅದೇ ‘ಫಾಸ್ ಡಾಟ್ ಇನ್’ ಆಯಿತು. ಅದರ ಮುಂದಾಳು ಅತುಲ್ ಚಿಟ್ನಿಸ್ 2013ರಲ್ಲಿ ತೀರಿಕೊಂಡರು. ಕೊನೆಯ ಸಮ್ಮೇಳನ ನಡೆದದ್ದು 2012ರಲ್ಲಿ.

ಬಿಟಿಎಂ ಲೇಔಟಿನಲ್ಲಿ ಮೂವರು ಸೇರಿ ಬಾಡಿಗೆ ಕಟ್ಟುತ್ತಿದ್ದ ಕೋಣೆಯಿಂದ ನಾನು 2009ರಲ್ಲಿ ಆ ಸಮ್ಮೇಳನಕ್ಕೆ ಹೋದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಭಾಂಗಣ ನಮಗೆ ಹತ್ತಿರವಿತ್ತು. ಟೀ ಶರ್ಟು, ಸ್ಟಿಕ್ಕರು ಸಿಗುತ್ತದೆ ಎಂಬುದೇ ಮುಖ್ಯ ಆಕರ್ಷಣೆ. ಆದರೆ ಹಿಂದಿನ ವರ್ಷದಿಂದ ಸಂಘಟಕರು ಧಾಟಿ ಬದಲಿಸಿದ್ದರು. ಬರೀ ಭಾಷಣ ಕೇಳಿ ಹೋಗುವುದು ಸಾಕು, ಕೂತು ಕೆಲಸ ಮಾಡಿ ಎಂದು ‘ವರ್ಕ್‌ಔಟ್’ ಎಂಬ ಗೋಷ್ಠಿಗಳನ್ನು ಇಟ್ಟಿದ್ದರು. ನಮ್ಮ ದೇಶದವರು ಮುಕ್ತ ತಂತ್ರಾಂಶವನ್ನು ಚೆನ್ನಾಗಿ ಬಳಸುತ್ತಾರೆ, ವಾಪಸು ಕೊಡುವುದು ಕಡಿಮೆ ಎಂಬ ಅವರ ಆಕ್ಷೇಪ ಆಗ ನನಗೆ ಚುಚ್ಚಿತು. ಚುಚ್ಚಿದ್ದು ಅದು ನಿಜವಾಗಿದ್ದರಿಂದ. ಐದಾರು ವರ್ಷ ಡೆಬಿಯನ್ ಬಳಸಿದ್ದ ನಾನು ಒಂದು ತಪ್ಪನ್ನು ಕೂಡ ವರದಿ ಮಾಡಿರಲಿಲ್ಲ.

ಅಲ್ಲಿಂದ ಬಂದವನು ಒಂದು ಸಣ್ಣ ತಂತ್ರಾಂಶವನ್ನು ಪೊಟ್ಟಣ ಕಟ್ಟಿ, ಇಮೇಲಿನಲ್ಲೇ ಪರಿಚಯವಾದ ಒಬ್ಬ ಹಿರಿಯರಿಗೆ ಕಳಿಸಿದೆ. ಮೂರು ದಿನದ ಮೇಲೆ ಉತ್ತರ ಬಂತು. ಹದಿನಾಲ್ಕು ತಪ್ಪುಗಳ ಪಟ್ಟಿ. ಕೊನೆಯದು ಮಾತ್ರ ನನಗೆ ಇಂದಿಗೂ ನೆನಪಿದೆ. ಒಳಗಿದ್ದ ಒಂದು ಚಿತ್ರವನ್ನು ಬರೆದವರು ಯಾರು ಎಂದು ಅವರು ಕೇಳಿದ್ದರು. ಅದು ಒಂದು ಬಟನ್ನಿನ ಚಿತ್ರ, ಹೆಬ್ಬೆರಳಿನ ಉಗುರಿನಷ್ಟು. ಯಾರು ಬರೆದರೇನು ಎಂದು ನನಗೆ ಸಿಟ್ಟು ಬಂತು. ಹುಡುಕಿದಾಗ ಅದನ್ನು ಇನ್ಯಾವುದೋ ತಾಣದಿಂದ ಕೇಳದೆ ಎತ್ತಿಕೊಂಡದ್ದು ಎಂದು ತಿಳಿಯಿತು. ಅದನ್ನು ತೆಗೆದು ಬೇರೆ ಚಿತ್ರ ಹಾಕಿಸಲು ಮೂಲ ಲೇಖಕರಿಗೆ ಪತ್ರ ಬರೆದು ಒಪ್ಪಿಸುವಷ್ಟರಲ್ಲಿ ನಾಲ್ಕು ತಿಂಗಳು ಹೋಯಿತು.

ಕನ್ನಡದ ಅಕ್ಷರಗಳೂ ಹೀಗೆಯೇ, ಒಬ್ಬೊಬ್ಬರು ಕಟ್ಟಿದ ಪೊಟ್ಟಣದಲ್ಲಿ ಕೂತು ಬಂದಿವೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಜಾಗ ಸಿಕ್ಕರೆ ಸಾಲದು, ಆ ಸಂಕೇತಗಳನ್ನು ಒತ್ತಕ್ಷರ ಸಹಿತ ತೆರೆಯ ಮೇಲೆ ಮೂಡಿಸುವ ಫಾಂಟು ಬೇಕು. ಡೆಬಿಯನ್‌ನಲ್ಲಿ ಮೊದಮೊದಲು ಕೇದಗೆ, ಮಲ್ಲಿಗೆ ಎಂಬ ಫಾಂಟುಗಳು ಸಿಗುತ್ತಿದ್ದವು. 2004ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಭಾರತೀಯ ಭಾಷೆಗಳಿಗೆ ‘ಲೋಹಿತ್’ ಫಾಂಟುಗಳನ್ನು ಬಿಡುಗಡೆ ಮಾಡಿತು. ಲೋಹಿತ ಎಂದರೆ ಕೆಂಪು. ಮೊದಲು ಜಿಪಿಎಲ್ ಪರವಾನಗಿಯಲ್ಲಿದ್ದ ಅವನ್ನು 2011ರಲ್ಲಿ ಫಾಂಟುಗಳಿಗೆಂದೇ ಬರೆದ ಓಪನ್ ಫಾಂಟ್ ಪರವಾನಗಿಗೆ ಬದಲಿಸಿದರು. ಕನ್ನಡದ ಸ್ವಯಂಸೇವಕರು ಬಿಡುವಿನಲ್ಲಿ ರೂಪಿಸಿದ ‘ಗುಬ್ಬಿ’, ಕೈಬರಹದ ಧಾಟಿಯ ‘ನವಿಲು’ ಕೂಡ ಭಂಡಾರ ಸೇರಿದವು. ಈಗ ‘ಫಾಂಟ್ಸ್ ಕೆಎನ್‌ಡಿಎ’ ಎಂಬ ಒಂದೇ ಹೆಸರು ಕೇಳಿದರೆ ಇವೆಲ್ಲ ಒಟ್ಟಿಗೆ ಬರುತ್ತವೆ. ಕನ್ನಡ ಲಿಪಿಗೆ ಅಂತರರಾಷ್ಟ್ರೀಯ ಮಾನಕದಲ್ಲಿರುವ ನಾಲ್ಕಕ್ಷರದ ಗುರುತು ಅದು. ನೀವು ಲಿನಕ್ಸ್ ಯಂತ್ರದಲ್ಲಿ ಒಂದು ಕನ್ನಡ ಕವಿತೆಯನ್ನು ಚೌಕಗಳ ಸಾಲಾಗಿ ನೋಡದೆ ಅಕ್ಷರವಾಗಿ ಓದಿದ್ದರೆ, ಹಿಂದೆ ಒಬ್ಬರು ಇದನ್ನೆಲ್ಲ ಕೂತು ಕಟ್ಟಿದ್ದಾರೆ.

ತಾತನ ಸಿಡಿಯನ್ನು ತೆರೆದ ದಿನ ನಮಗೆ ಕಂಡದ್ದು ಮಾತ್ರ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಕನ್ನಡ ಗಣಕ ಪರಿಷತ್ತಿನ ನುಡಿ, ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡಿಗರಿಗೆ ಟೈಪ್ ಮಾಡುವುದನ್ನು ಕಲಿಸಿದ ತಂತ್ರಾಂಶ. ಆದರೆ ಅದರ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಫಾಂಟು ಇಲ್ಲದಿದ್ದರೆ ಪಠ್ಯಕ್ಕೆ ಅರ್ಥವಿಲ್ಲ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಆದರೂ ಅರ್ಕಾವತ್ತಿನಲ್ಲಿ ಕಾಲು ಜಾರುತ್ತದೆ. ‘ವರ್ಷ’ ಎಂದು ಬರೆಯುವಾಗ ಅರ್ಕಾವತ್ತನ್ನು ನಾವು ‘ಷ’ದ ಆಚೆ ಬರೆಯುತ್ತೇವೆ. ಹಳೆಯ ಫಾಂಟೂ ಕಣ್ಣಿಗೆ ಕಂಡ ಆ ಕ್ರಮವನ್ನೇ ಉಳಿಸಿಕೊಂಡಿರುತ್ತದೆ. ಯೂನಿಕೋಡಿನಲ್ಲಿ ಕಿವಿಗೆ ಕೇಳುವ ಕ್ರಮ, ‘ರ್’ ಮೊದಲು, ‘ಷ’ ಆಮೇಲೆ. ಆದ್ದರಿಂದ ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ಒತ್ತಕ್ಷರ, ದೀರ್ಘ ಎಲ್ಲ ಸೇರಿಕೊಂಡ ಕಡೆ ಎಡವುತ್ತದೆ. ಆರು ವಾರ ಆಕೆ ನೋಟ್‌ಬುಕ್ಕು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿದಳು. ಬೇರೆಯವರು ‘ಹಲೋ’ ಕಟ್ಟಿ ಮುಗಿಸಿ ಎರಡನೆಯದಕ್ಕೆ ಹೋಗಿದ್ದರು.

ಎಂಟನೇ ವಾರ ಆಕೆ ‘ಕಾಪಿರೈಟ್’ ಕಡತ ತೆರೆದು ತಾತನ ಹೆಸರು ಬರೆದಳು. ಪರವಾನಗಿ ಎಂಬ ಜಾಗದಲ್ಲಿ ನಿಂತಳು. ತಾತ ಯಾವ ಪರವಾನಗಿಯನ್ನೂ ಬರೆದಿಟ್ಟಿರಲಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಲೇಖಕ ತೀರಿಕೊಂಡು 60 ವರ್ಷದವರೆಗೆ ಹಕ್ಕು ವಾರಸುದಾರರದು. ವಾರಸುದಾರರೆಂದರೆ ಆಕೆಯ ಅಮ್ಮ, ಚಿಕ್ಕಮ್ಮ, ಜೆಪಿ ನಗರದ ಸೋದರಮಾವ. ಇಬ್ಬರು ಕೇಳಿದ ತಕ್ಷಣ ಒಪ್ಪಿದರು. ಮಾವ ಒಪ್ಪಲಿಲ್ಲ. ‘ಅಪ್ಪ ಇಪ್ಪತ್ತು ವರ್ಷ ಬರೆದದ್ದನ್ನು ಯಾರೋ ಕಂಪನಿಯವನು ಎತ್ತಿಕೊಂಡು ಮಾರಿದರೆ? ಉಚಿತವಾಗಿ ಕೊಡೋಣ, ಆದರೆ ಮಾರಬಾರದು ಅಂತ ಬರಿ’ ಎಂದರಂತೆ.

ನ್ಯಾಯವಾದ ಮಾತು. ಆದರೆ ಮಾರಬಾರದು ಎಂಬ ಷರತ್ತು ಇದ್ದರೆ 1997ರ ಮಾರ್ಗಸೂಚಿಯ ಪ್ರಕಾರ ಅದು ಮುಕ್ತವಲ್ಲ, ಡೆಬಿಯನ್‌ನ ಮುಖ್ಯ ಭಂಡಾರಕ್ಕೆ ಸೇರುವುದಿಲ್ಲ. ಆಕೆ ನನ್ನನ್ನು ಕೇಳಿದಳು, ‘ಕೇಳದೇ ಹಾಕಿಬಿಟ್ಟರೆ ಏನಾಗುತ್ತೆ? ಯಾರಿಗೆ ಗೊತ್ತಾಗುತ್ತೆ?’ ಬಟನ್ನಿನ ಚಿತ್ರದ ಕಥೆ ಹೇಳಿದೆ. ಅದು ಸಾಲದು ಅನ್ನಿಸಿ ಇನ್ನೆರಡು ಹೇಳಿದೆ.

ಮೊದಲನೆಯದು 2006ರದ್ದು. ಡೆಬಿಯನ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿಯ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು, ತಪಾಸಣೆಯ ಉಪಕರಣ ಎಚ್ಚರಿಕೆ ಕೊಡುತ್ತಿದ್ದ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಿದರು. ಮೂಲ ಲೇಖಕರ ಗುಂಪಿನಲ್ಲಿ ಕೇಳಿಯೇ ಮಾಡಿದ್ದು. ಆದರೆ ಕೀಲಿಕೈಗಳನ್ನು ಊಹಿಸಲಾಗದಂತೆ ಮಾಡುವ ಯಾದೃಚ್ಛಿಕತೆ ಹರಿಯುತ್ತಿದ್ದದ್ದು ಆ ಸಾಲುಗಳ ಮೂಲಕ. ಆಮೇಲೆ ತಯಾರಾದ ಕೀಲಿಗಳಲ್ಲಿ ಒಂದೊಂದು ಬಗೆಗೆ 32,768 ಸಾಧ್ಯತೆಗಳಷ್ಟೇ ಉಳಿದವು. 2008ರ ಮೇ 13ರಂದು ಇದು ಬಹಿರಂಗವಾದಾಗ ಜಗತ್ತಿನಾದ್ಯಂತ ಕೀಲಿಗಳನ್ನು ಬದಲಿಸಬೇಕಾಯಿತು. ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ.

ಎರಡನೆಯದು 2024ರದ್ದು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ತಂತ್ರಾಂಶವನ್ನು ವರ್ಷಗಟ್ಟಲೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ದಣಿದಿದ್ದರು. ನೆರವಿಗೆ ಬಂದ ಒಬ್ಬ ಅಪರಿಚಿತ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಬಿಡುಗಡೆಯ ಕಟ್ಟಿನೊಳಗೆ ಕಳ್ಳದಾರಿ ಇಟ್ಟ. ಅದು ತೆರೆದುಕೊಳ್ಳುತ್ತಿದ್ದದ್ದು ಡೆಬಿಯನ್ ಇಲ್ಲವೇ ಫೆಡೋರಾ ಬಗೆಯ ಪೊಟ್ಟಣ ಕಟ್ಟುವಾಗ ಮಾತ್ರ. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟ ಆಂಡ್ರೆಸ್ ಫ್ರೋಯಿಂಡ್ ಎಂಬ ತಂತ್ರಜ್ಞ ಅದನ್ನು ಹಿಡಿದು ಮಾರ್ಚ್ 29ರಂದು ಸಾರಿದ. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ಇನ್ನೂ ತಲುಪಿರಲಿಲ್ಲ. ಮೂಲಸಂಕೇತದಲ್ಲಿ ಇಲ್ಲದ ಒಂದು ಕಡತ ಕಟ್ಟಿನಲ್ಲಿ ಹೇಗೆ ಬಂತು ಎಂದು ಬಿಚ್ಚಿ ನೋಡುವ ತಾಳ್ಮೆ ನಡುವಿನಲ್ಲಿ ಯಾರಿಗೂ ಇರಲಿಲ್ಲ. ನನಗೂ ಇರುತ್ತಿರಲಿಲ್ಲ ಎಂದು ಅವತ್ತು ಮೇಜಿನ ಸುತ್ತ ಕೂತವರೆದುರು ಒಪ್ಪಿಕೊಂಡೆ.

ನಮ್ಮ ಹಳೆಯ ಓಲೆಗರಿಗಳ ಕೊನೆಯಲ್ಲಿ ಪ್ರತಿ ಮಾಡಿದವರು ತಮ್ಮ ಹೆಸರು, ತಿಥಿ, ವಾರ ಬರೆದು, ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಿ ಎಂದು ಕೇಳಿಕೊಳ್ಳುವ ರೂಢಿ ಇತ್ತು. ಪೊಟ್ಟಣ ಕಟ್ಟುವವರೂ ಪ್ರತಿಕಾರರೇ. ಹೆಸರು, ದಿನಾಂಕ ಅವರೂ ಬರೆಯುತ್ತಾರೆ. ಆದರೆ ತಿದ್ದಿಕೊಳ್ಳಿ ಎಂದು ಓದುಗರಿಗೆ ಬಿಟ್ಟು ಏಳುವ ಅನುಕೂಲ ಅವರಿಗಿಲ್ಲ. ತಪ್ಪು ಕಂಡವರು ಅವರ ಬಾಗಿಲಿಗೇ ಬರುತ್ತಾರೆ. ಫ.ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿ ಕೂಡಿಸಿ, ಪಾಠ ತಾಳೆ ನೋಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು. ಎರಡು ವರ್ಷದ ಮೇಲೆ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಶುರುಮಾಡಿದರು. ವಚನಗಳನ್ನು ಬರೆದವರು ಅವರಲ್ಲ. ಆದರೆ ಯಾವ ವಚನ ಯಾರದು ಎಂದು ಅಂಕಿತ ಹಿಡಿದು ವಿಂಗಡಿಸುವ ಆ ಕೆಲಸ ಇಲ್ಲದಿದ್ದರೆ ಎಷ್ಟೋ ಹೆಸರುಗಳು ನಮಗೆ ತಲುಪುತ್ತಿರಲಿಲ್ಲ. ಸಾಹಿತ್ಯ ಓದುವ ನಮಗೆ ಸಂಪಾದಕರ ಬೆಲೆ ಗೊತ್ತು. ತಂತ್ರಾಂಶದಲ್ಲಿ ಅದೇ ಕೆಲಸ ಮಾಡುವವರನ್ನು ಪ್ಯಾಕಿಂಗ್ ಡಿಪಾರ್ಟ್‌ಮೆಂಟು ಎನ್ನುತ್ತೇವೆ.

ಆಕೆ ಮಾವನ ಮನೆಗೆ ನೋಟ್‌ಬುಕ್ಕುಗಳನ್ನೇ ತೆಗೆದುಕೊಂಡು ಹೋದಳು. ಪರವಾನಗಿಯ ಮಾತು ಎತ್ತುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ತಾಳೆ ನೋಡುವಾಗ ಆಕೆಗೆ ಒಂದು ವಿಚಿತ್ರ ಕಂಡಿತ್ತು. ಎರಡನೆಯ ನೋಟ್‌ಬುಕ್ಕಿನ ಅರ್ಧ, ಮೂರನೆಯದರ ಬಹುಪಾಲು ತಾತನ ಅಕ್ಷರವಲ್ಲ. ದುಂಡಗಿನ, ಒತ್ತಿ ಬರೆದ, ಸಾಲು ತಪ್ಪುವ ಅಕ್ಷರ. ‘ಕಾಪಿರೈಟ್’ ಕಡತ ಪ್ರತಿ ಭಾಗ ಯಾರದು ಎಂದು ಕೇಳುತ್ತದಲ್ಲ, ಆದ್ದರಿಂದ ಆಕೆಗೂ ಕೇಳಬೇಕೆನಿಸಿತು.

ಮಾವ ನೋಟ್‌ಬುಕ್ಕನ್ನು ಕಿಟಕಿಯ ಬಳಿ ಒಯ್ದು ನೋಡಿದರಂತೆ. ‘ಇದು ಅಮ್ಮನ ಅಕ್ಷರ’ ಎಂದರಂತೆ. ಅಜ್ಜಿ ನಾಲ್ಕನೇ ತರಗತಿ ಓದಿದವರು, ಹೊಲದ ಮನೆಯಿಂದ ಬಂದವರು. ಕಣದ, ಕೊಟ್ಟಿಗೆಯ, ಒನಕೆಯ ಮಾತುಗಳು ಮೇಷ್ಟ್ರ ಮಗನಾದ ತಾತನಿಗೆ ಎಲ್ಲಿಂದ ಬರಬೇಕು? ಹೇಳಿದವರೂ ಅವರೇ, ಬರೆದವರೂ ಅವರೇ. ತಾತ ಟೈಪ್ ಮಾಡುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಮನೆಯವರೆಲ್ಲ ಅದನ್ನು ‘ಅಪ್ಪನ ಡಿಕ್ಷನರಿ’ ಎಂದೇ ಕರೆಯುತ್ತಾ ಬಂದಿದ್ದರು. ಮಾವ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ಕೇಳಿದ್ದು, ‘ಮಾರುವವರು ಮಾರಲಿ, ಹೆಸರು ತೆಗೆಯೋ ಹಾಗಿಲ್ಲ ತಾನೆ?’

ತೆಗೆಯುವ ಹಾಗಿಲ್ಲ. ಆಕೆ ಆರಿಸಿಕೊಂಡ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎರಡು ಷರತ್ತುಗಳಿವೆ. ಹೆಸರು ಹೇಳಬೇಕು, ತಿದ್ದಿ ಹಂಚುವವರು ಅದೇ ಪರವಾನಗಿಯಲ್ಲಿ ಹಂಚಬೇಕು. ಇವೆರಡನ್ನೂ ಡೆಬಿಯನ್ ಒಪ್ಪುತ್ತದೆ. ಮಾವ ಒಂದು ಹಾಳೆಯ ಮೇಲೆ ಒಪ್ಪಿಗೆ ಬರೆದು, ಇಬ್ಬರ ಹೆಸರೂ ಇರಬೇಕು, ಅಮ್ಮನದು ಮೊದಲು ಎಂದು ಸೇರಿಸಿ ಸಹಿ ಹಾಕಿಕೊಟ್ಟರು. ಈಗ ಆ ಕಡತದಲ್ಲಿ ಅಜ್ಜಿಯ ಹೆಸರು ಮೊದಲಿದೆ.

ಪೊಟ್ಟಣ ಇನ್ನೂ ಭಂಡಾರ ಸೇರಿಲ್ಲ. ಅದನ್ನು ಬಿಚ್ಚಿ ನೋಡುವ ಪ್ರಾಯೋಜಕರಿಗಾಗಿ ಕಾದಿದೆ. ಅವರು ತಪ್ಪು ಹುಡುಕುತ್ತಾರೆ, ಆಕೆ ತಿದ್ದುತ್ತಾಳೆ, ತಿಂಗಳುಗಳು ಹಿಡಿಯಬಹುದು. ಸೇರಿದ ಮೇಲೂ ಮುಗಿಯುವುದಿಲ್ಲ. ಮುಂದೊಂದು ದಿನ ಆಕೆಗೆ ಬಿಡುವಿಲ್ಲದೆ ಹೋದರೆ ‘ಅನಾಥ’ ಎಂದು ಘೋಷಿಸುವ ಪದ್ಧತಿ ಕೂಡ ಡೆಬಿಯನ್‌ನಲ್ಲಿದೆ. ಹಾಗೆ ಹೇಳಿ ಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬಹುದು. ಹೇಳದೆ ಬಿಡುವುದಷ್ಟೇ ತಪ್ಪು ಎಂದು ನಾನು ಕೊನೆಯ ಪಾಠದಲ್ಲಿ ಹೇಳುತ್ತೇನೆ.

ಕಳೆದ ಭಾನುವಾರ ಆಕೆ ‘ಚೇಂಜ್‌ಲಾಗ್’ ಬರೆದಳು. ಆ ಕಡತದ ಕೊನೆಯ ಸಾಲಿಗೆ ಒಂದು ಕಟ್ಟಳೆಯಿದೆ: ಮೊದಲು ಒಂದು ಖಾಲಿ ಜಾಗ, ಎರಡು ಅಡ್ಡಗೆರೆ, ಕಟ್ಟಿದವರ ಹೆಸರು, ವಿಳಾಸ, ಆಮೇಲೆ ಸರಿಯಾಗಿ ಎರಡು ಖಾಲಿ ಜಾಗ, ದಿನಾಂಕ, ವೇಳೆ. ಆಕೆ ಒಂದೇ ಜಾಗ ಬಿಟ್ಟಿದ್ದಳು. ಉಪಕರಣ ತಕರಾರು ಮಾಡಿತು. ಬೈದುಕೊಂಡು ಇನ್ನೊಂದು ಸೇರಿಸಿದಳು. ಕಟ್ಟಲು ಬಿಟ್ಟು ನಾವು ಕಾಫಿಗೆ ಎದ್ದೆವು. ಬಂದು ನೋಡಿದಾಗ ಲಿಂಟಿಯನ್ ಏನೂ ಹೇಳಿರಲಿಲ್ಲ. ‘ಈಗ ಏನು ತಪ್ಪು ಬಂದರೂ ನನಗೇ ಬರುತ್ತೆ ಅಲ್ವಾ ಸಾರ್?’ ಎಂದಳು. ಹೌದು ಎಂದೆ. ಆಕೆ ಬ್ಯಾಗು ಎತ್ತಿಕೊಂಡು ಬನಶಂಕರಿಯ ಮೆಟ್ರೋ ಹಿಡಿಯಲು ಹೊರಟಳು.